ಮೊಮ್ಮಗಳಿಗೆ ಮೊರಾಕೊದಿಂದ ಬಂದ ಬೆಳ್ಳಿ ಕೈ: ಕಟ್ಟಬೇಕಾ, ಬೇಡವಾ?

ಓದುಗರ ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ. ನನ್ನ ಸೊಸೆಯ ಅಣ್ಣ ಕಂಪನಿ ಕೆಲಸದ ಮೇಲೆ ಮೊರಾಕೊ ದೇಶಕ್ಕೆ ಹೋಗಿದ್ದ. ಬರುವಾಗ ಮರ್ರಾಕೇಶ್ ಪೇಟೆಯಿಂದ ನನ್ನ ಏಳು ತಿಂಗಳ ಮೊಮ್ಮಗಳಿಗೆ ಬೆಳ್ಳಿಯ ಪುಟ್ಟ ಕೈ ತಂದ. ಐದು ಬೆರಳು ಇವೆ, ಎರಡೂ ಅಂಚಿನಲ್ಲಿ ಹೆಬ್ಬೆರಳಿನ ಹಾಗೆ ಇದೆ, ಅಂಗೈಯಲ್ಲಿ ನೀಲಿ ಕಣ್ಣು. ದೃಷ್ಟಿ ಆಗಬಾರದು ಅಂತ ಅಲ್ಲಿ ಮಕ್ಕಳಿಗೆ ಹಾಕುತ್ತಾರಂತೆ. ಕಪ್ಪು ದಾರಕ್ಕೆ ಪೋಣಿಸಿ ಮಗುವಿನ ಕೊರಳಿಗೆ ಹಾಕಿದೆವು. ಆಮೇಲೆ ಶುರುವಾಯಿತು. ನನ್ನ ನಾದಿನಿ ಬಂದವಳು 'ಇದು ಮುಸ್ಲಿಮರ ತಾಯತ, ನಮ್ಮ ಮಗುವಿಗೆ ಯಾಕೆ' ಅಂದಳು. ಮಗ ಮೊಬೈಲಿನಲ್ಲಿ ಹುಡುಕಿ 'ಇದು ಯಹೂದಿಗಳದ್ದು' ಅಂದ. ಪಕ್ಕದ ಮನೆಯವರು 'ಇದರ ಹೆಸರೇ ಹಂಸ, ನಮ್ಮ ಪರಮಹಂಸದ ಹಂಸ, ಇದು ನಮ್ಮದೇ' ಅಂದರು. ಬೆರಳು ಕೆಳಗಿದ್ದರೆ ಕೇಡು ಅಂತ ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದಾರೆ, ನಮ್ಮದರಲ್ಲಿ ಬೆರಳು ಕೆಳಗೇ ಇವೆ. ಹೆದರಿ ತೆಗೆದಿಟ್ಟೆವು. ತೆಗೆದ ನಾಲ್ಕೇ ದಿನಕ್ಕೆ ಮಗುವಿಗೆ ನೆಗಡಿ, ಜ್ವರ. ಈಗ ಸೊಸೆಗೆ ತೆಗೆದದ್ದೇ ತಪ್ಪಾಯಿತೇನೋ ಅಂತ ಭಯ. ಸೋದರಮಾವ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಕಟ್ಟುವುದೋ, ಬಿಡುವುದೋ, ಯಾರಿಗಾದರೂ ಕೊಟ್ಟುಬಿಡುವುದೋ?

ಉತ್ತರ: ಮೊದಲು ಮಗುವಿನ ಮಾತು ಮುಗಿಸಿಬಿಡೋಣ. ಕೊರಳಿನಿಂದ ತೆಗೆದದ್ದು ಒಳ್ಳೆಯದಾಯಿತು. ಅದು ಯಾವ ಧರ್ಮದ ವಸ್ತು ಅನ್ನುವುದಕ್ಕೂ ಈ ಮಾತಿಗೂ ಸಂಬಂಧವಿಲ್ಲ. ಏಳು ತಿಂಗಳ ಕೂಸಿನ ಕೊರಳಲ್ಲಿ ಯಾವ ದಾರವೂ ಇರಬಾರದು, ಅಷ್ಟೇ. ಮಗುಚಿಕೊಳ್ಳುವಾಗ, ತೆವಳುವಾಗ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಬೇರೆ. ಆ ನೀಲಿ ಕಣ್ಣು ಅಂಟಿಸಿದ್ದಾಗಿದ್ದರೆ ಕಿತ್ತು ಬಂದು ಗಂಟಲಲ್ಲಿ ಸಿಕ್ಕಬಹುದು.

ಇನ್ನು ಜ್ವರ. ನಾನು ವೈದ್ಯೆಯಲ್ಲ. ಹಳೆಯ ಒಡವೆ, ತಾಯತಗಳನ್ನು ನೋಡಿ ಅವು ಎಲ್ಲಿಯವು, ಯಾವ ಲೋಹದವು, ಯಾಕೆ ಮಾಡಿದ್ದು ಅಂತ ಗುರುತಿಸಿ ಬರೆದಿಡುವುದು ನನ್ನ ಕೆಲಸ. ಆದರೆ ನನ್ನ ಹತ್ತಿರ ತಾಯತ ಹಿಡಿದುಕೊಂಡು ಬರುವವರಲ್ಲಿ ಬಹಳ ಮಂದಿ ಇದೇ ಪ್ರಶ್ನೆ ಕೇಳುತ್ತಾರೆ. ಹಾಕಿದ್ದನ್ನು ತೆಗೆದರೆ ಏನಾದರೂ ಆಗುತ್ತಾ? ಹಾಗಾಗಿ ಇಷ್ಟು ಹೇಳುತ್ತೇನೆ. ತಾಯಿಯಿಂದ ಮಗುವಿಗೆ ಬಂದ ರೋಗ ತಡೆಯುವ ಶಕ್ತಿ ಆರು ತಿಂಗಳ ಹೊತ್ತಿಗೆ ಇಳಿಯುತ್ತಾ ಬರುತ್ತದೆ. ಆ ವಯಸ್ಸಿನ ಮಕ್ಕಳಿಗೆ ಮೇಲಿಂದ ಮೇಲೆ ನೆಗಡಿ ಆಗುವುದು ತೀರಾ ಸಾಮಾನ್ಯ. ತಾಯತ ಇದ್ದಿದ್ದರೂ ಆ ನೆಗಡಿ ಬರುತ್ತಿತ್ತು. ಸೊಸೆಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಅತ್ತೆ ಹೇಳಿದರೆ ಆ ಭಯ ಬೇಗ ಇಳಿಯುತ್ತದೆ. ಮಗು ಹಾಲು ಕುಡಿಯದೆ ಇದ್ದರೆ, ಉಸಿರು ಜೋರಾದರೆ, ಮಂಕಾಗಿ ಮಲಗಿಯೇ ಇದ್ದರೆ ದೃಷ್ಟಿ ತೆಗೆಯುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಪತ್ರದಲ್ಲಿ ನಿಜವಾಗಿ ನೋಯುತ್ತಿರುವುದು ಇನ್ನೊಂದು ಜಾಗ ಅಂತ ನನಗೆ ಅನ್ನಿಸಿತು. ಇದು ಯಾರದ್ದು? ನಮ್ಮದಲ್ಲದ್ದನ್ನು ಮನೆಯೊಳಗೆ ಇಟ್ಟುಕೊಳ್ಳಬಹುದಾ? ನಿಮಗೆ ಮೂವರು ಮೂರು ಉತ್ತರ ಕೊಟ್ಟಿದ್ದಾರೆ. ಇಬ್ಬರ ಮಾತಿನಲ್ಲಿ ಅರ್ಧರ್ಧ ನಿಜ ಇದೆ. ಒಬ್ಬರದು ಪೂರ್ತಿ ತಪ್ಪು.

ಆ ಕೈ ಹುಟ್ಟಿದ ಊರು

ಮೊರಾಕೊ, ಅಲ್ಜೀರಿಯಾ, ಟ್ಯುನಿಶಿಯಾ ದೇಶಗಳಲ್ಲಿ ಈ ಕೈಯನ್ನು 'ಖಮ್ಸಾ' ಅನ್ನುತ್ತಾರೆ. ಅರಬ್ಬಿಯಲ್ಲಿ ಐದು ಅಂತ ಅರ್ಥ. ಐದು ಬೆರಳಿನ ಕೈ, ಅದಕ್ಕೇ ಆ ಹೆಸರು.

ಒಡವೆಗಿಂತ ಮೊದಲು ಅಲ್ಲಿ ಒಂದು ಸನ್ನೆ ಇದೆ. ಅದು ಗೊತ್ತಾದರೆ ತಾಯತ ತಾನಾಗಿ ಅರ್ಥವಾಗುತ್ತದೆ. ಯಾರೋ ನಿಮ್ಮ ಮಗುವನ್ನು ನೋಡಿ 'ಎಷ್ಟು ಮುದ್ದಾಗಿದೆ' ಅಂತ ಹೊಗಳಿದರು ಅಂತಿಟ್ಟುಕೊಳ್ಳಿ. ಹೊಗಳಿ, ದೇವರ ಹೆಸರು ಹೇಳದೆ ಸುಮ್ಮನಾದರು. ಆಗ ತಾಯಿಗೆ ಕಳವಳ. ಅವಳು ಬಲಗೈ ಐದೂ ಬೆರಳು ಬಿಡಿಸಿ ಆ ನೋಟದ ಕಡೆಗೆ ಚಾಚುತ್ತಾಳೆ. 'ಖಮ್ಸಾ ಫೀ ಐನೆಕ್' ಅನ್ನುತ್ತಾಳೆ, ಅಂದರೆ 'ಐದೂ ನಿನ್ನ ಕಣ್ಣಿಗೆ'. ಎದುರಿಗಿರುವವರಿಗೆ ಬೇಜಾರಾಗಬಾರದು ಅಂತ ಕೆಲವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. 1898ರಿಂದ ಹಲವು ವರ್ಷ ಮೊರಾಕೊದಲ್ಲಿ ಓಡಾಡಿ ಜನರ ನಂಬಿಕೆಗಳನ್ನು ಬರೆದಿಟ್ಟ ಎಡ್ವರ್ಡ್ ವೆಸ್ಟರ್‌ಮಾರ್ಕ್ ಎಂಬ ಫಿನ್ಲೆಂಡಿನ ವಿದ್ವಾಂಸರು ಈ ಸನ್ನೆ, ಈ ಮಾತು ಎರಡನ್ನೂ ದಾಖಲಿಸಿದ್ದಾರೆ. ಐದು ಅನ್ನುವ ಅಂಕೆಗೇ ಅಲ್ಲಿ ಎಷ್ಟು ಬಲ ಇತ್ತೆಂದರೆ, ಮರ್ಯಾದಸ್ಥರು ಎದುರಿಗಿರುವವರ ಮುಖ ನೋಡಿ 'ಐದು' ಅನ್ನಲು ಹಿಂಜರಿಯುತ್ತಿದ್ದರು. ನನ್ನ ಕಣ್ಣನ್ನೇ ಕೆಟ್ಟದ್ದು ಅಂದುಕೊಂಡಿದ್ದಾರೆ ಅಂತ ಅವರಿಗೆ ಅನ್ನಿಸಬಹುದಲ್ವಾ? ಹಾಗಾಗಿ 'ನಿನ್ನ ಕೈಯಷ್ಟು' ಅಂತ ಸುತ್ತಿ ಹೇಳುತ್ತಿದ್ದರು.

ನಮ್ಮ ಕಡೆ ದೃಷ್ಟಿಗೆ ಮಾಡುವ ಉಪಾಯಗಳಿಗೂ ಇದಕ್ಕೂ ಒಂದು ಒಳ್ಳೆಯ ವ್ಯತ್ಯಾಸ ಇದೆ, ನೋಡಿ. ನಾವು ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ಅಂದವನ್ನು ಸ್ವಲ್ಪ ಕೆಡಿಸುತ್ತೇವೆ. ಕಟ್ಟುತ್ತಿರುವ ಮನೆಯ ಮುಂದೆ ಗೊಂಬೆ ನೇತುಹಾಕಿ ನೋಟವನ್ನು ಬೇರೆ ಕಡೆ ಸೆಳೆಯುತ್ತೇವೆ. ಆಗಿಹೋದ ದೃಷ್ಟಿಯನ್ನು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಇಳಿಸುತ್ತೇವೆ. ಖಮ್ಸಾ ಹಾಗಲ್ಲ. ಅದು ನೋಟಕ್ಕೆ ಎದುರು ನಿಂತು ತಡೆಯುವ ಕೈ. ಹಾಗಾಗಿಯೇ ಅದು ಬರೀ ಕೊರಳಿಗೆ ಸೀಮಿತವಾಗಲಿಲ್ಲ. ಮನೆ ಬಾಗಿಲಿನ ಮೇಲೆ ಅಂಗೈ ಅಚ್ಚು ಒತ್ತಿದರು. ಬಾಗಿಲು ತಟ್ಟುವ ಹಿತ್ತಾಳೆ ಹಿಡಿಯನ್ನೇ ಕೈಯ ಆಕಾರದಲ್ಲಿ ಮಾಡಿದರು. ಅಲ್ಜೀರಿಯಾದ ರಾಷ್ಟ್ರ ಲಾಂಛನದಲ್ಲಿ ಇವತ್ತಿಗೂ ಈ ಕೈ ಇದೆ. ಸಹಾರಾ ಮರುಭೂಮಿಯ ತುವಾರೆಗ್ ಹೆಂಗಸರು ಇದೇ ಜಾತಿಯ ಒಡವೆಯನ್ನು 'ಖೊಮಿಸ್ಸಾ' ಅನ್ನುತ್ತಾರೆ. ಅದರಲ್ಲಿ ಕೈಯ ಆಕಾರವೇ ಇರುವುದಿಲ್ಲ. ಬೆಳ್ಳಿ ಅಥವಾ ಚಿಪ್ಪಿನ ಐದು ವಜ್ರಾಕಾರದ ಬಿಲ್ಲೆಗಳು ಮಾತ್ರ. ಕೈ ಹೋಗಿ ಐದು ಮಾತ್ರ ಉಳಿದಿದೆ.

ನಾದಿನಿ ಹೇಳಿದ್ದು, ಮಗ ಹೇಳಿದ್ದು

ಮುಸ್ಲಿಮರದು ಅಂದ ನಿಮ್ಮ ನಾದಿನಿ ಸುಳ್ಳು ಹೇಳಲಿಲ್ಲ. ಯಹೂದಿಗಳದ್ದು ಅಂದ ಮಗನದೂ ಸುಳ್ಳಲ್ಲ. ಉತ್ತರ ಆಫ್ರಿಕಾದಲ್ಲಿ ಇಬ್ಬರೂ ಶತಮಾನಗಳ ಕಾಲ ಅಕ್ಕಪಕ್ಕದಲ್ಲಿ ಬಾಳಿದರು. ಇಬ್ಬರಿಗೂ ದೃಷ್ಟಿಯ ಭಯ ಇತ್ತು. ಇಬ್ಬರ ಮನೆಯ ಹೆಂಗಸರೂ ಇದನ್ನು ಹಾಕಿದರು.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಮಾಡಿದವರ ಕಥೆ. ಮೊರಾಕೊದಲ್ಲಿ ಬೆಳ್ಳಿ, ಬಂಗಾರದ ಕೆಲಸ ಹೆಚ್ಚಾಗಿ ಯಹೂದಿ ಅಕ್ಕಸಾಲಿಗರ ಕೈಯಲ್ಲಿತ್ತು. ಎಸ್ಸವೀರಾ ಎಂಬ ಸಮುದ್ರ ತೀರದ ಊರು, ದಕ್ಷಿಣದ ತಿಜ್ನಿತ್, ಬೆಟ್ಟಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಬರ್ಬರ್ ಜನರ ಹಳ್ಳಿಗಳು, ಎಲ್ಲಾ ಕಡೆ ಅವರ ಅಂಗಡಿಗಳಿದ್ದವು. ಮುಸ್ಲಿಂ ಮದುಮಗಳ ಖಮ್ಸಾವನ್ನೂ ಅವರೇ ಮಾಡಿದರು, ಯಹೂದಿ ಮದುಮಗಳದ್ದನ್ನೂ ಅವರೇ ಮಾಡಿದರು. ಅದೇ ಅಚ್ಚು, ಅದೇ ಸುತ್ತಿಗೆ, ಅದೇ ಕೈ. ಹೀಬ್ರೂ ಅಕ್ಷರವೋ, ಹೆಸರೋ ಕೆತ್ತಿಲ್ಲದ ಹಳೆಯ ಮೊರಾಕೊ ಖಮ್ಸಾ ನನ್ನ ಮೇಜಿನ ಮೇಲೆ ಬಂದರೆ, ಇದನ್ನು ಯಾವ ಧರ್ಮದವರು ಹಾಕಿದ್ದರು ಅಂತ ಬರೀ ಆಕಾರ ನೋಡಿ ಹೇಳಲು ಆಗುವುದಿಲ್ಲ. ಹೇಳುತ್ತೇನೆ ಅನ್ನುವ ವ್ಯಾಪಾರಿಯನ್ನು ನಂಬಬೇಡಿ. 'ಯಹೂದಿ ಖಮ್ಸಾ' ಅಂದರೆ ಬೆಲೆ ಜಾಸ್ತಿ ಸಿಗುತ್ತದೆ, ಅದಕ್ಕೆ ಹಾಗೆ ಹೇಳುತ್ತಾರೆ.

1940ರ ದಶಕದ ಕೊನೆಗೆ ಮೊರಾಕೊದಲ್ಲಿ ಸುಮಾರು 2.5 ಲಕ್ಷ ಯಹೂದಿಗಳಿದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಮುಂದಿನ ಎರಡು ದಶಕಗಳಲ್ಲಿ ಬಹುಪಾಲು ಜನ ಊರು ಬಿಟ್ಟರು. ಇಂದು ಅಲ್ಲಿ ಉಳಿದವರು ಕೆಲವೇ ಸಾವಿರ. ಅವರು ಬಿಟ್ಟುಹೋದ ಕೆಲಸವನ್ನು ಮುಸ್ಲಿಂ ಕುಶಲಕರ್ಮಿಗಳು ಮುಂದುವರಿಸಿದರು. ಇಸ್ರೇಲಿಗೆ ಹೋದವರು ಖಮ್ಸಾವನ್ನೂ ಜೊತೆಗೆ ಒಯ್ದರು. ಅಲ್ಲಿ ಅದರ ಹೆಸರು 'ಹಂಸಾ' ಆಯಿತು. ಯೂರೋಪಿನಿಂದ ಬಂದಿದ್ದ ಯಹೂದಿಗಳಿಗೆ ಮೊದಮೊದಲು ಇದು ಹಳ್ಳಿಯವರ ಮೂಢನಂಬಿಕೆಯಾಗಿ ಕಂಡಿತು. ನಿಧಾನಕ್ಕೆ ಅದೇ ಕೈ ಇಸ್ರೇಲಿನ ಪ್ರತಿ ಅಂಗಡಿಯ ಗೋಡೆ ಏರಿತು. ಕೀಲಿ ಗೊಂಚಲಿಗೂ ಬಂತು.

ಕೆಲವು ಖಮ್ಸಾಗಳ ಮೇಲೆ ಮೀನು ಇರುತ್ತದೆ. ಅದಕ್ಕೆ ಯಹೂದಿಗಳ ತಾಲ್ಮುದ್ ಗ್ರಂಥದಲ್ಲಿ ಚೆಂದದ ಕಾರಣ ಇದೆ. ಸಮುದ್ರದ ಮೀನನ್ನು ನೀರು ಮುಚ್ಚಿರುತ್ತದೆ, ಹಾಗಾಗಿ ಕೆಟ್ಟ ಕಣ್ಣು ಅದನ್ನು ಮುಟ್ಟುವುದಿಲ್ಲ, ಅಂತ. ಟ್ಯುನಿಶಿಯಾದಲ್ಲಿ ಮುಸ್ಲಿಮರ ಮನೆಗಳಲ್ಲೂ ಮೀನನ್ನು ಇದೇ ಕೆಲಸಕ್ಕೆ ಬಳಸುತ್ತಾರೆ.

'ಫಾತಿಮಾ ಅವರ ಕೈ' ಅನ್ನುವ ಹೆಸರು ನೀವು ಕೇಳಿರಬಹುದು. ಫಾತಿಮಾ ಪ್ರವಾದಿ ಮುಹಮ್ಮದರ ಮಗಳು. 632ರಲ್ಲಿ, ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಅವರೂ ತೀರಿಕೊಂಡರು. ಜನ ಒಂದು ಕಥೆ ಹೇಳುತ್ತಾರೆ. ಫಾತಿಮಾ ಒಲೆಯ ಮುಂದೆ ಹಲ್ವಾ ತಿರುವುತ್ತಿದ್ದರು. ಗಂಡ ಅಲಿ ಇನ್ನೊಬ್ಬ ಹೆಂಡತಿಯನ್ನು ಕರೆದುಕೊಂಡು ಒಳಗೆ ಬಂದರು. ಫಾತಿಮಾ ಅವರ ಕೈಯಿಂದ ಸೌಟು ಜಾರಿತು. ಅದು ಗೊತ್ತೇ ಆಗದೆ ಕುದಿಯುವ ಹಲ್ವಾವನ್ನು ಬರಿಗೈಯಲ್ಲಿ ತಿರುವುತ್ತಾ ನಿಂತರು. ಕಥೆ ಮನಸ್ಸಿಗೆ ತಟ್ಟುತ್ತದೆ. ಹೆಂಗಸರ ತಾಳ್ಮೆಯ ಗುರುತಾಗಿ ಅದು ಬಾಯಿಂದ ಬಾಯಿಗೆ ಹರಿದಿದೆ. ಆದರೆ ಅದು ಕಥೆಯೇ. ಫಾತಿಮಾ ಬದುಕಿರುವವರೆಗೂ ಅಲಿ ಬೇರೆ ಮದುವೆ ಆಗಲಿಲ್ಲ ಅಂತ ಇಸ್ಲಾಮಿನ ಪರಂಪರೆಯೇ ಹೇಳುತ್ತದೆ. 'ಫಾತ್ಮಾಳ ಕೈ' ಅನ್ನುವ ಹೆಸರು ಇಷ್ಟು ಹರಡಲು ಮುಖ್ಯ ಕಾರಣ ಅಲ್ಜೀರಿಯಾವನ್ನು ಆಳಿದ ಫ್ರೆಂಚರು. ಊರಿನ ಜನ ಹೆಚ್ಚಾಗಿ ಖಮ್ಸಾ ಅಂತಲೇ ಅಂದರು. ಯಹೂದಿಗಳು ಹೇಳುವ 'ಮಿರಿಯಂ ಕೈ', ಅಂದರೆ ಅವರ ಪ್ರವಾದಿ ಮೋಶೆಯ ಅಕ್ಕನ ಕೈ ಅನ್ನುವ ಹೆಸರೂ ಅಷ್ಟೇನೂ ಹಳೆಯದಲ್ಲ.

ಇನ್ನೊಂದು ಮಾತು ನಾದಿನಿಗೆ ಹೇಳಬಹುದು. 'ಮುಸ್ಲಿಮರ ತಾಯತ' ಅಂತ ಅವರು ಅಂದರು. ಅದನ್ನು ಒಪ್ಪದ ಮುಸ್ಲಿಮರೇ ಬಹಳ ಇದ್ದಾರೆ. ಕೆಟ್ಟ ಕಣ್ಣು ಇರುವುದು ನಿಜ ಅಂತ ಹದೀಸ್ (ಪ್ರವಾದಿಯವರ ಮಾತು, ನಡೆಗಳ ದಾಖಲೆ) ಹೇಳುತ್ತದೆ. ಆದರೆ ರಕ್ಷಣೆಗೆ ಅಂತ ತಾಯತ ನೇತುಹಾಕುವುದು ದೇವರಿಗೆ ಸರಿಸಮ ಇನ್ನೊಂದನ್ನು ಇಟ್ಟ ಹಾಗೆ ಅಂತಲೂ ಹದೀಸ್ ಇದೆ. ಹಾಗಾಗಿ ಅನೇಕ ಧರ್ಮಗುರುಗಳು ಖಮ್ಸಾ ಬೇಡ ಅನ್ನುತ್ತಾರೆ. ಕುರಾನಿನ ಕೊನೆಯ ಎರಡು ಅಧ್ಯಾಯಗಳನ್ನು ಓದಿಕೊಂಡರೆ ಸಾಕು ಅನ್ನುತ್ತಾರೆ. ಯಹೂದಿಗಳಲ್ಲೂ 12ನೆಯ ಶತಮಾನದ ದೊಡ್ಡ ಪಂಡಿತ ಮೈಮೊನಿಡೀಸ್ ತಾಯತ ಬರೆದುಕೊಡುವವರನ್ನು ಕಟುವಾಗಿ ಟೀಕಿಸಿದ್ದರು. ಗ್ರಂಥ ಬಲ್ಲವರು ಬೇಡ ಅಂದರು, ಮನೆಯ ಹೆಂಗಸರು ಇಟ್ಟುಕೊಂಡರು. ಈ ಕೈಯನ್ನು ಉಳಿಸಿದ್ದು ಯಾವ ಧರ್ಮದ ಅಪ್ಪಣೆಯೂ ಅಲ್ಲ. ಮಕ್ಕಳ ಮೇಲಿನ ತಾಯಂದಿರ ಕಳಕಳಿ ಉಳಿಸಿತು.

'ನಮ್ಮದೇ ಹಂಸ'

ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ತಪ್ಪು. ನಮ್ಮ ಹಂಸ ಪಕ್ಷಿಗೂ, ಪರಮಹಂಸಕ್ಕೂ ಈ ಕೈಗೂ ಏನೇನೂ ಸಂಬಂಧವಿಲ್ಲ. ಉಚ್ಚಾರ ಒಂದೇ ತರಹ ಕೇಳಿಸುತ್ತದೆ, ಅಷ್ಟೇ. ಈ ಕೈ ಬುದ್ಧನ ಅಭಯ ಹಸ್ತದಿಂದ ಬಂತು, ಐದು ಬೆರಳು ಅಂದರೆ ಐದು ಚಕ್ರ ಅಂತೆಲ್ಲ ಈಗ ಓಡಾಡುವ ಮಾತುಗಳು ಪಶ್ಚಿಮ ದೇಶಗಳ ಯೋಗ ಕೇಂದ್ರಗಳು ಮತ್ತು ಒಡವೆ ಅಂಗಡಿಗಳ ಇತ್ತೀಚಿನ ಸೇರ್ಪಡೆ. ಅಂಗೈಯಲ್ಲಿ ಓಂ, ಕಮಲ ಬರೆದ ಖಮ್ಸಾಗಳೂ ಅಲ್ಲಿಂದಲೇ ಬಂದವು. ಜೈನರ ಅಂಗೈ ಚಿಹ್ನೆಯೂ ಬೇರೆ. ಚಕ್ರದ ನಡುವೆ ಅಹಿಂಸಾ ಅಂತ ಬರೆದಿರುವ ಆ ಕೈ 1974-75ರಲ್ಲಿ, ಮಹಾವೀರರ ನಿರ್ವಾಣದ 2500ನೆಯ ವರ್ಷದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿಕೊಂಡ ಲಾಂಛನದ ಭಾಗ. 'ಹಿಂಸೆ ಬೇಡ, ನಿಲ್ಲು' ಅನ್ನುತ್ತದೆ. ದೃಷ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಪಕ್ಕದ ಮನೆಯವರ ಉದ್ದೇಶ ಒಳ್ಳೆಯದೇ ಇರಬೇಕು. ನಿಮ್ಮ ಮನೆಯ ಜಗಳ ತಣ್ಣಗಾಗಲಿ ಅಂತ ಹೇಳಿರಬಹುದು. ಆದರೆ ಬೇರೆಯವರ ವಸ್ತುವನ್ನು ಗೌರವಿಸಲು ಅದನ್ನು ನಮ್ಮದು ಮಾಡಿಕೊಳ್ಳಲೇಬೇಕು ಅನ್ನುವ ಹಟ ನನಗೆ ಹಿಡಿಸುವುದಿಲ್ಲ. ಅದು ಮೊರಾಕೊದ್ದು. ಅಲ್ಲಿಯದಾಗಿಯೇ ನಿಮ್ಮ ಮನೆಯಲ್ಲಿ ಇರಬಹುದು.

ಅದೂ ಅಲ್ಲದೆ, ಐದು ಬೆರಳಿನ ಕೈ ನಿಮ್ಮ ಜಿಲ್ಲೆಗೆ ಹೊಸದೇ? ಮೊಹರಂ ಬಂದರೆ ಕೊಪ್ಪಳ, ರಾಯಚೂರು ಸೀಮೆಯ ಎಷ್ಟು ಊರುಗಳಲ್ಲಿ ಅಲಾಯಿ ದೇವರು ಕೂಡಿಸುತ್ತಾರೆ! ಬಣ್ಣದ ಬಟ್ಟೆ ಸುತ್ತಿದ ಕೋಲು, ತುದಿಯಲ್ಲಿ ಲೋಹದ ಪಂಜಾ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಿಂದೂಗಳೇ ಮುಂದೆ ನಿಂತು ಹಬ್ಬ ಮಾಡುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂಗೆ ದೂರದೂರದಿಂದ ಜನ ಬರುತ್ತಾರೆ. ಮಕ್ಕಳನ್ನು ಫಕೀರರನ್ನಾಗಿ ಮಾಡುವ ಹರಕೆ, ಸಕ್ಕರೆ ಓದಿಸುವುದು, ಚೊಂಗೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಕುಣಿತ, ರಿವಾಯತ್ ಪದ, ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದರೆ ಪಂಜಾ ಮತ್ತು ಖಮ್ಸಾ ಒಂದೇ ಅಂತ ಹೇಳಿಬಿಡಬಾರದು. ಪಂಜಾ ಮುಸ್ಲಿಮರ ಶಿಯಾ ಪಂಗಡದ ಪರಂಪರೆಯಿಂದ, ಇರಾನಿನ ಕಡೆಯಿಂದ ದಖ್ಖನಿಗೆ ಬಂದದ್ದು. ಬಿಜಾಪುರದ ಆದಿಲ್‌ಶಾಹಿ, ಗೋಲ್ಕೊಂಡದ ಕುತುಬ್‌ಶಾಹಿ ಅರಸರ ಕಾಲದಲ್ಲಿ ಇಲ್ಲಿ ಬೇರೂರಿತು. ಅದರ ಐದು ಬೆರಳು ಐವರು ಪವಿತ್ರರು: ಪ್ರವಾದಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್. 680ರ ಕರ್ಬಲಾ ಯುದ್ಧದಲ್ಲಿ ಮಕ್ಕಳಿಗೆ ನೀರು ತರಲು ಹೋಗಿ ಕೈ ಕಳೆದುಕೊಂಡ ಅಬ್ಬಾಸರ ನೆನಪೂ ಅದರಲ್ಲಿದೆ. ಅದು ದುಃಖದ, ಭಕ್ತಿಯ ಕೈ. ಖಮ್ಸಾ ಮಾಡಿದ ಉತ್ತರ ಆಫ್ರಿಕಾದವರು ಬಹುಪಾಲು ಸುನ್ನಿ ಪಂಗಡದ ಮುಸ್ಲಿಮರು, ಯಹೂದಿಗಳು. ಅವರದು ಕಣ್ಣನ್ನು ತಡೆಯುವ ಕೈ. ಆಕಾರ ಒಂದಾದರೂ ಹುಟ್ಟಿದ ಕಾರಣ ಬೇರೆ. ನಾನು ಇದನ್ನು ತಂದದ್ದು ಬೇರೆ ಮಾತಿಗೆ. ತನ್ನದಲ್ಲದ ಧರ್ಮದ ಕೈಗೆ ಸಕ್ಕರೆ ಓದಿಸಿ ಮಗುವಿನ ಆರೋಗ್ಯ ಬೇಡಿಕೊಂಡ ಅಜ್ಜಿಯರು ನಿಮ್ಮ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಅದರಿಂದ ಯಾರ ಮನೆಯ ದೇವರೂ ಮುನಿಸಿಕೊಳ್ಳಲಿಲ್ಲ.

ಎಷ್ಟು ಹಳೆಯದು, ಬೆರಳು ಯಾವ ಕಡೆ

ಇಂಟರ್‌ನೆಟ್ಟಿನಲ್ಲಿ 'ಇದು ಮೆಸಪಟೋಮಿಯಾದ ಇಷ್ತಾರ್ ದೇವಿಯ ಕೈ, ಐದು ಸಾವಿರ ವರ್ಷ ಹಳೆಯದು' ಅಂತ ಓದುತ್ತೀರಿ. ಇವತ್ತಿನ ಇರಾಕಿನಲ್ಲಿದ್ದ ಬಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ 'ಇಷ್ತಾರಳ ಕೈ' ಅನ್ನುವ ಮಾತು ಇದೆ ನಿಜ. ಅಲ್ಲಿ ಅದು ಒಂದು ಕಾಯಿಲೆಯ ಹೆಸರು! ದೇವಿಯ ಕೈ ಬಿದ್ದು ಕಾಯಿಲೆ ಬಂತು ಅಂತ. ಅಸ್ಸೀರಿಯಾದ ಅರಮನೆಗಳಲ್ಲಿ ಸಿಕ್ಕ ಮಣ್ಣಿನ ಕೈಗಳನ್ನೂ ತೋರಿಸುತ್ತಾರೆ. ಅವು ಮುಚ್ಚಿದ ಮುಷ್ಟಿಗಳು, ಕಟ್ಟಡದ ಗೋಡೆಯಲ್ಲಿ ಕೂರಿಸಿದ್ದವು.

ಹತ್ತಿರಕ್ಕೆ ಬರುವ ಸಾಕ್ಷಿ ಎರಡಿವೆ. ಒಂದು ಇವತ್ತಿನ ಟ್ಯುನಿಶಿಯಾದಲ್ಲಿದ್ದ ಕಾರ್ಥೇಜ್ ನಗರದ್ದು. ಅಲ್ಲಿ ತಾನಿತ್ ದೇವಿಗೂ ಬಾಲ್ ಹಮ್ಮೋನ್ ದೇವರಿಗೂ ಹರಕೆಯ ಕಲ್ಲು ನಿಲ್ಲಿಸುತ್ತಿದ್ದರು. ಅನೇಕ ಕಲ್ಲುಗಳ ಮೇಲೆ ಬೆರಳು ಮೇಲೆತ್ತಿದ ತೆರೆದ ಕೈ ಕೆತ್ತಲಾಗಿದೆ. ಇನ್ನೊಂದು ಪ್ಯಾಲೆಸ್ಟೈನಿನ ಹೆಬ್ರಾನ್ ಊರಿನ ಹತ್ತಿರದ ಖಿರ್ಬೆತ್ ಎಲ್-ಕೋಮ್ ಎಂಬಲ್ಲಿಯದು. ಕ್ರಿಸ್ತಪೂರ್ವ 8ನೆಯ ಶತಮಾನದ ಸಮಾಧಿಯೊಂದರಲ್ಲಿ ಉರಿಯಾಹು ಎಂಬವನಿಗಾಗಿ ಬರೆದ ಸಾಲುಗಳ ಕೆಳಗೆ ಒಂದು ಕೈ ಕೊರೆಯಲಾಗಿದೆ. ಆ ಕೈಯ ಬೆರಳು ಕೆಳಮುಖ. ಇವುಗಳಿಂದ ಇವತ್ತಿನ ಖಮ್ಸಾದವರೆಗೆ ಒಂದೇ ದಾರ ಹರಿದು ಬಂದಿದೆ ಅಂತ ತೋರಿಸುವ ಸಾಕ್ಷಿ ಸಿಕ್ಕಿಲ್ಲ. ನಡುವೆ ನೂರಾರು ವರ್ಷಗಳ ಖಾಲಿ ಜಾಗ ಇದೆ.

ಗಟ್ಟಿ ನೆಲ ಸಿಗುವುದು ಮುಸ್ಲಿಮರು ಆಳಿದ ಸ್ಪೇನಿನಲ್ಲಿ. ಗ್ರನಾಡಾ ಊರಿನ ಅಲ್ಹಂಬ್ರಾ ಕೋಟೆಗೆ 1348ರಲ್ಲಿ ಒಂದನೆಯ ಯೂಸುಫ್ ದೊರೆ ನ್ಯಾಯದ ಬಾಗಿಲು ಕಟ್ಟಿಸಿದ. ಅದರ ಹೊರ ಕಮಾನಿನ ನೆತ್ತಿಯ ಕಲ್ಲಿನ ಮೇಲೆ ತೆರೆದ ಕೈ ಕೆತ್ತಿದ್ದಾರೆ, ಒಳಗಿನ ಕಮಾನಿನ ಮೇಲೆ ಕೀಲಿ. ಆ ಕೈ ಇಳಿದು ಬಂದು ಕೀಲಿಯನ್ನು ಹಿಡಿದ ದಿನ ಅರಮನೆ ಕುಸಿಯುತ್ತದೆ ಅಂತ ಊರಿನವರು ಕಥೆ ಹೇಳುತ್ತಿದ್ದರು. 1492ರಲ್ಲಿ ಗ್ರನಾಡಾ ಕ್ರೈಸ್ತ ಅರಸರ ಕೈಸೇರಿತು. ಬಲವಂತದಿಂದ ಮತಾಂತರವಾದ ಮುಸ್ಲಿಮರು ಆಮೇಲೂ ಈ ಕೈಯ ತಾಯತ ಹಾಕುತ್ತಲೇ ಇದ್ದರು. 1526ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಕರೆಸಿದ ಧರ್ಮಾಧಿಕಾರಿಗಳ ಸಭೆ ಅದನ್ನು ನಿಷೇಧಿಸಿತು. ಒಂದು ಬೆರಳೆತ್ತರದ ಲೋಹದ ತುಂಡಿಗೆ ಸಾಮ್ರಾಜ್ಯವೊಂದು ಅಷ್ಟು ಹೆದರಿತು ಅನ್ನುವುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದನ್ನು ಬಚ್ಚಿಟ್ಟುಕೊಂಡವರಿಗೆ ಅದು ದೃಷ್ಟಿಯ ತಾಯತ ಮಾತ್ರ ಆಗಿರಲಿಲ್ಲ. ಕಳೆದುಹೋಗುತ್ತಿದ್ದ ತಮ್ಮ ಮನೆಯ ನೆನಪೂ ಆಗಿತ್ತು.

ಯೂಟ್ಯೂಬಿನ ಮಾತಿಗೆ ಬರೋಣ. ಬೆರಳು ಮೇಲಿದ್ದರೆ ರಕ್ಷಣೆ, ಕೆಳಗಿದ್ದರೆ ಸಮೃದ್ಧಿ ಅಂತ ಕೆಲವರು, ಕೆಳಗಿದ್ದರೆ ಕೇಡು ಅಂತ ಇನ್ನು ಕೆಲವರು ಹೇಳುತ್ತಾರೆ. ಎರಡೂ ಈಗಿನ ಕಾಲದ ಕಲ್ಪನೆ. ಹಳೆಯ ಮೊರಾಕೊ ಪದಕಗಳಲ್ಲಿ ಬೆರಳು ಕೆಳಗೆ ಇರುವುದೇ ರೂಢಿ. ನೇತುಹಾಕುವ ಕೊಂಡಿ ಮಣಿಕಟ್ಟಿನ ಕಡೆ ಬರುತ್ತದೆ, ಹಾಗಾಗಿ ಬೆರಳು ತಾನಾಗಿ ಕೆಳಗಾಗುತ್ತದೆ. ನಿಮ್ಮದು ಸರಿಯಾಗಿಯೇ ಇದೆ. ಎರಡೂ ಅಂಚಿನಲ್ಲಿ ಹೆಬ್ಬೆರಳು ಇರುವುದೂ ದೋಷವಲ್ಲ. ಅಕ್ಕಸಾಲಿಗ ಎರಡು ಬದಿ ಸಮ ಕಾಣಲಿ ಅಂತ ಹಾಗೆ ಮಾಡುತ್ತಾನೆ. ಅಂಗೈಯ ನೀಲಿ ಕಣ್ಣು ಮಾತ್ರ ಟರ್ಕಿ ಕಡೆಯ ಗಾಜಿನ 'ನಜರ್' ಮಣಿಯ ನೆಂಟ. ಹಳೆಯ ಮೊರಾಕೊ ಕೈಗಳಲ್ಲಿ ಹೂ, ನಕ್ಷತ್ರ, ಹಕ್ಕಿ, ಹಲ್ಲಿಯಂಥ ಪ್ರಾಣಿ ಹೆಚ್ಚು. ಪ್ರವಾಸಿಗರು ಕಣ್ಣು ಕೇಳುತ್ತಾರೆ, ಅಂಗಡಿಯವರು ಕಣ್ಣು ಇಡುತ್ತಾರೆ. ಹಾಗಾಗಿ ನಿಮ್ಮದು ಹೊಸದಾಗಿ ಮಾಡಿದ್ದು ಅಂತ ನನ್ನ ಅಂದಾಜು. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ.

ಈಗ ಏನು ಮಾಡಬಹುದು

ನಾನಾಗಿದ್ದರೆ ಅದನ್ನು ಗೋಡೆಗೆ ಹಾಕುತ್ತಿದ್ದೆ. ಬಾಗಿಲ ಬಳಿ, ದೊಡ್ಡವರ ಎತ್ತರದಲ್ಲಿ. ಹುಟ್ಟಿದ ಊರಲ್ಲೂ ಅದರ ಜಾಗ ಹೆಚ್ಚಾಗಿ ಅದೇ. ತೊಟ್ಟಿಲಿಗೆ ಕಟ್ಟಬೇಡಿ. ಮಗುವಿನ ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಬೇಡಿ. ಆ ಪಿನ್ನು ಬಿಚ್ಚಿಕೊಳ್ಳುತ್ತದೆ. ಮಣಿಕಟ್ಟಿಗೆ ಕಟ್ಟಿದರೂ ಬಾಯಿಗೆ ಹೋಗುವ ಅಪಾಯ ಹಾಗೇ ಇರುತ್ತದೆ.

ಗೋಡೆಗೆ ಹಾಕಿದರೆ ನಾದಿನಿ ದಿನಾ ಮಾತಾಡುತ್ತಾರೆ ಅನ್ನಿಸಿದರೆ, ಮೊಮ್ಮಗಳ ಬಳೆ, ಕಾಲ್ಗಡಗದ ಜೊತೆ ಡಬ್ಬಿಯಲ್ಲಿ ಇಡಿ. ದೊಡ್ಡವಳಾದ ಮೇಲೆ ಬೇಕಾದರೆ ಅವಳೇ ಸರಕ್ಕೆ ಹಾಕಿಕೊಳ್ಳಲಿ. ಸೋದರಮಾವನಿಗೆ ಬೇಡ ಅನ್ನುವ ಮಾತೇ ಬರುವುದಿಲ್ಲ. 'ಕೊರಳಿಗೆ ಹಾಕಬಾರದಂತೆ, ಜೋಪಾನವಾಗಿ ಇಟ್ಟಿದ್ದೇವೆ' ಅಂದರೆ ಯಾವ ಮಾವನಿಗೂ ನೋವಾಗದು.

ಬೇರೆಯವರಿಗೆ ಕೊಡುವುದು ನನಗೆ ಅಷ್ಟು ಒಪ್ಪಿಗೆ ಇಲ್ಲ. ಹೆದರಿಕೊಂಡು ದಾಟಿಸಿದರೆ ಆ ಹೆದರಿಕೆ ನಿಮ್ಮ ಹತ್ತಿರವೇ ಉಳಿಯುತ್ತದೆ. ಕೊಡಲೇಬೇಕು ಅಂದರೆ, ಮುಸ್ಲಿಂ ಗೆಳತಿಗೆ ಅಂತ ಸುಮ್ಮನೆ ಕೊಟ್ಟುಬಿಡಬೇಡಿ. ಅವರ ಮನೆಯಲ್ಲಿ ತಾಯತ ನಿಷಿದ್ಧ ಇರಬಹುದು. ಮೊದಲು ಕೇಳಿ.

ಲೋಹದ ಬಗ್ಗೆ ಒಂದು ಎಚ್ಚರ. ಮರ್ರಾಕೇಶ್ ಪೇಟೆಯಲ್ಲಿ ಬೆಳ್ಳಿ ಅಂತ ಮಾರುವುದೆಲ್ಲ ಬೆಳ್ಳಿಯಲ್ಲ. ನಮ್ಮಲ್ಲಿ ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ಆ ಲೋಹವೂ ಬಹಳ ಇರುತ್ತದೆ. ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಕೆಂಪು ಗುಳ್ಳೆ ಏಳುತ್ತದೆ. ಮಗುವಿನ ಕೊರಳಲ್ಲಿ ಅಂಥದ್ದೇನಾದರೂ ಆಗಿತ್ತಾ ನೆನಪು ಮಾಡಿಕೊಳ್ಳಿ. ಆಗಿದ್ದರೆ ಅದನ್ನು ಶಾಪ ಅಂದುಕೊಳ್ಳಬೇಡಿ, ನಿಕ್ಕಲ್ ಇರಬಹುದು. ನಿಮ್ಮೂರಿನ ಪತ್ತಾರರ ಹತ್ತಿರ ಒಯ್ದರೆ ಒರೆಗಲ್ಲಿಗೆ ಹಚ್ಚಿ ನೋಡಿ ಹೇಳುತ್ತಾರೆ. ಹಿಂಬದಿಯಲ್ಲಿ 925 ಅಂತ ಒತ್ತಿದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ ಅಂತ ಅರ್ಥ. ಆದರೆ ಆ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಒರೆಗಲ್ಲೇ ಮೇಲು.

'ಮಂತ್ರಿಸಿ ಶಕ್ತಿ ತುಂಬಿದ ಹಂಸ ತಾಯತ' ಅಂತ ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ಇದನ್ನು ತೆಗೆದದ್ದಕ್ಕೆ ಪರಿಹಾರ ಮಾಡಿಸಬೇಕು ಅಂತ ಹೇಳುವವರೂ ಸಿಗಬಹುದು. ಒಂದು ಪೈಸೆ ಕೊಡಬೇಡಿ. ಖಮ್ಸಾಗೆ ಮಂತ್ರವೂ ಇಲ್ಲ, ತೆಗೆಯುವ ಶಾಸ್ತ್ರವೂ ಇಲ್ಲ. ಮೊರಾಕೊದ ಹೆಂಗಸರು ಅದನ್ನು ಮದುವೆಗೆ, ಹಬ್ಬಕ್ಕೆ ಹಾಕಿ ಮತ್ತೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಮನಸ್ಸಿನ ಸಮಾಧಾನಕ್ಕೆ ನಮ್ಮ ಪದ್ಧತಿಯ ದೃಷ್ಟಿ ಬೊಟ್ಟು ಇಡುತ್ತೀರಾ, ಕೆನ್ನೆಗೋ ಅಂಗಾಲಿಗೋ ಇಡಿ. ಕಣ್ಣಿನೊಳಗೆ ಕಾಡಿಗೆ ಹಚ್ಚಬೇಡಿ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ, ಮಕ್ಕಳಿಗೆ ಅದು ವಿಷ.

ಕೈಯನ್ನು ಹುಣಸೆಹಣ್ಣು, ಹಲ್ಲುಪುಡಿ ಹಾಕಿ ತಿಕ್ಕಬೇಡಿ. ನೀಲಿ ಬಣ್ಣ ಎದ್ದು ಹೋಗುತ್ತದೆ, ಕೆತ್ತನೆ ಸವೆಯುತ್ತದೆ. ಮೆತ್ತನೆಯ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇನ್ನೊಂದು ಕೆಲಸ ಈಗಲೇ ಮಾಡಿ. ಸೊಸೆಯ ಅಣ್ಣನಿಗೆ ಫೋನ್ ಮಾಡಿ ಕೇಳಿ: ಯಾವ ಓಣಿಯ ಅಂಗಡಿ, ಎಷ್ಟು ಕೊಟ್ಟ, ಮಾರಿದವರು ಅದರ ಬಗ್ಗೆ ಏನು ಹೇಳಿದರು, ಯಾವ ತಿಂಗಳು. ಒಂದು ಚೀಟಿಯಲ್ಲಿ ಬರೆದು, ಮೊಮ್ಮಗಳ ಹೆಸರು ಸೇರಿಸಿ, ಅದರ ಜೊತೆಗೇ ಇಡಿ. ನನ್ನ ಬಳಿಗೆ ಬರುವ ತಾಯತಗಳಲ್ಲಿ ಅಂಥ ಚೀಟಿ ಇರುವುದು ತೀರಾ ಅಪರೂಪ. ಅದು ಇದ್ದರೆ ಇವಳ ಮಕ್ಕಳು ನಿಮ್ಮ ಹಾಗೆ ಮೂವರನ್ನು ಕೇಳುತ್ತಾ ಕೂರಬೇಕಾಗಿಲ್ಲ.